ಅರ್ಧಕ್ಕೆ ನಿಂತ ಸುತ್ತು

ಗಂಡನ ಪುಸ್ತಕಗಳ ನಡುವೆ ಮೊನ್ನೆಯಷ್ಟೇ ಸಿಕ್ಕಿದ ನಕ್ಷೆಯನ್ನು ಅವಳು ದಾರಿ ತೋರಿಸಲು ಬಂದ ಮುದುಕನ ಮುಂದೆ ಹರಡಿದಳು. ಪೆನ್ಸಿಲಿನಲ್ಲಿ ಒಂದು ಸುತ್ತು ದಾರಿ ಗುರುತು ಹಾಕಿತ್ತು. ಹೋದ ವರ್ಷ ಹೊಸ ನೀಲಿ ಶೂ ಹಾಕಿಕೊಂಡು ಚಾರಣಕ್ಕೆಂದು ಇಲ್ಲಿಗೆ ಬಂದವನು ಮನೆಗೆ ಮರಳಿರಲಿಲ್ಲ. ಕಾರು ಅಣೆಕಟ್ಟಿನ ಬಳಿ ಸಿಕ್ಕಿತ್ತು. ಇಪ್ಪತ್ತು ದಿನ ಹಿನ್ನೀರನ್ನೆಲ್ಲ ಜಾಲಾಡಿ ಪೊಲೀಸರು ಕೈಚೆಲ್ಲಿದ್ದರು. ಅವನು ಅರ್ಧಕ್ಕೆ ಬಿಟ್ಟ ಸುತ್ತನ್ನು ತಾನಾದರೂ ಮುಗಿಸಬೇಕು, ಅವಳಿಗೆ ಉಳಿದದ್ದು ಅದೊಂದೇ.

"ಅಣೆಕಟ್ಟಿಂದ ಹೊರಟು ಹುಲ್ಲುಗುಡ್ಡ ಹತ್ತೋದು. ಆಮೇಲೆ ದೇವರಕಾಡು ದಾಟಿ ಆ ಕಡೆಯಿಂದ ಇಳಿಯೋದು," ಎಂದ ಮುದುಕ. "ಕಾಡಿನ ಅಂಚಲ್ಲಿ ಚಪ್ಪಲಿ ಬಿಚ್ಚಬೇಕಮ್ಮ. ವಾಪಸ್ ಅದೇ ದಾರೀಲಿ ಬರಲ್ಲ, ಚೀಲಕ್ಕೆ ಹಾಕ್ಕೊಂಡುಬಿಡಿ."

"ಗೊತ್ತಿಲ್ಲದೆ ಅಲ್ಲೇ ಬಿಟ್ಟು ಹೋದ್ರೆ?"

"ಅಲ್ಲೇ ಇರುತ್ತೆ. ದೇವರ ಜಾಗದಲ್ಲಿ ಬಿಟ್ಟಿದ್ದನ್ನ ನಾವು ಮುಟ್ಟಲ್ಲ. ಹೋದ ವರ್ಷದಿಂದ ಒಂದು ಜೊತೆ ನೀಲಿ ಶೂ ಹಾಗೇ ಕೂತಿದೆ."

ಅವಳು ನಕ್ಷೆಯಲ್ಲಿ ದೇವರಕಾಡಿನ ಮೇಲೆ ಬೆರಳಿಟ್ಟಳು.

"ಪೊಲೀಸರು ಬಂದಾಗ ಹೇಳಲಿಲ್ವ?"

"ಕಾಡಿನ ಸುದ್ದಿ ಅವರು ಕೇಳಲೇ ಇಲ್ಲಮ್ಮ. ನೀರು ಎಷ್ಟು ಆಳ ಇದೆ ಅಂತ ಕೇಳಿದ್ರು, ಹೇಳಿದೆ."