ಇಂಜಿನ್ ತಣಿದ ಮೇಲೆ

"ಬಾನೆಟ್ ಮೇಲೆ ಕೈ ಇಟ್ಟು ನೋಡಿ ಸಾರ್," ಎಂದರು ಬದರಿನಾಥರು. "ನಿನ್ನೆಯಿಂದ ಯಾರೂ ಇದನ್ನ ಮುಟ್ಟಿಲ್ಲ."

ಸಬ್ ಇನ್ಸ್‌ಪೆಕ್ಟರ್ ಗುರುಬಸಪ್ಪ ಕೈ ಇಟ್ಟು ನೋಡಿದರು. ಜನವರಿಯ ಮುಂಜಾನೆ. ಜಯನಗರದ ಖಾಲಿ ಸೈಟುಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕಾರು ಕೊರೆಯುವಷ್ಟು ತಣ್ಣಗಿತ್ತು.

ಅಡಿಗೆಮನೆಗೆ ಅಂಟಿಕೊಂಡ ಇದೇ ಶೆಡ್ಡಿನಲ್ಲಿ, ಇದೇ ಕಾರಿನೊಳಗೆ, ಬದರಿನಾಥರ ಒಬ್ಬನೇ ಮಗ ರಾಮಪ್ರಸಾದ ಹೋದ ತಿಂಗಳು ಹೊಗೆ ಕುಡಿದು ಸತ್ತಿದ್ದ. ಅವರು ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಬೀದಿ ಕಡೆಯ ದೊಡ್ಡ ಬಾಗಿಲು, ಅಡಿಗೆಮನೆ ಕಡೆಯ ಸಣ್ಣ ಬಾಗಿಲು, ಎರಡೂ ಮುಚ್ಚಿದ್ದವು. ಇಂಜಿನ್ ಓಡುತ್ತಲೇ ಇತ್ತು. ಪೊಲೀಸರು ಆತ್ಮಹತ್ಯೆ ಎಂದು ಬರೆದುಕೊಂಡು ಹೋದರು.

ಆತ್ಮಹತ್ಯೆಯಂತೆ! ಆ ಮಾತು ಕಿವಿಗೆ ಬಿದ್ದರೆ ಸಾಕು, ಬದರಿನಾಥರ ಮೈ ಉರಿದುಹೋಗುತ್ತಿತ್ತು. ಫ್ಯಾಕ್ಟರಿಯಲ್ಲಿ ಸಸ್ಪೆಂಡ್ ಆದದ್ದನ್ನು ಮುಚ್ಚಿಟ್ಟನೆಂದು, ಮಗ ಸಾಯುವ ಹಿಂದಿನ ದಿನ ಸಂಜೆ, "ನನ್ನ ಮಗ ಅಂತ ಇನ್ನು ಎಲ್ಲೂ ಹೇಳ್ಕೋಬೇಡ" ಎಂದು ಅವನ ಮುಖಕ್ಕೆ ಹೊಡೆದಂತೆ ಅಂದವರು ಅವರೇ. ಆ ಮಾತಿಗೇ ಮಗ ಸತ್ತನೆಂದು ಒಪ್ಪಿಕೊಂಡರೆ ತಾವು ಬದುಕುವುದು ಹೇಗೆ? ಇಲ್ಲ, ಯಾರೋ ಕೊಂದಿದ್ದಾರೆ. ಯಾರೋ ಏನು, ಸೊಸೆ ಕಾತ್ಯಾಯಿನಿಯೇ. ಬೇರೆ ಮನೆ ಮಾಡೋಣವೆಂದು ಗಂಡನ ಜೀವ ತಿನ್ನುತ್ತಿದ್ದವಳು ಅವಳೇ ತಾನೆ!

"ಇದೆಲ್ಲ ಬೇಡ ಅಂದ್ರೆ," ಎಂದು ಹೆಂಡತಿ ಸೀತಾಲಕ್ಷ್ಮಿ ಗೋಗರೆದಿದ್ದರು. "ಆ ಹಾಳು ಕಾರನ್ನ ಗುಜರಿಗೆ ಹಾಕ್ಬಿಡಿ." ಸೊಸೆಯ ಮೇಲೆ ಇವಳಿಗೆ ಎಲ್ಲಿಲ್ಲದ ಕನಿಕರ ಎಂದು ಬದರಿನಾಥರು ರೇಗಿದ್ದರು. ಪಾಪ, ಆಕೆಯ ಬಲಭುಜ ಅವತ್ತಿನಿಂದ ಮೇಲೇಳುತ್ತಿರಲಿಲ್ಲ. ಹೆಣದ ಮೇಲೆ ಬಿದ್ದು ಹೊರಳಾಡಿದಾಗ ಉಳುಕಿರಬೇಕೆಂದು ಬದರಿನಾಥರೇ ಎಣ್ಣೆ ತಂದುಕೊಟ್ಟಿದ್ದರು.

"ಅವತ್ತು ನಮ್ಮ ಕಾನ್‌ಸ್ಟೇಬಲ್ ಒಬ್ಬನೇ ಸ್ಟಾರ್ಟ್ ಮಾಡಿದ್ನಲ್ರೀ," ಎಂದರು ಗುರುಬಸಪ್ಪ.

"ಬಿಸಿ ಇತ್ತು ಸಾರ್ ಆಗ! ಇವತ್ತು ಮಾಡ್ಲಿ ನೋಡೋಣ."

ತಿಲಕ್ ನಗರದ ಮೆಕ್ಯಾನಿಕ್ ಬೋರಣ್ಣ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕೂರಿಸಿ, ಮುಂದಿನಿಂದ ಹ್ಯಾಂಡಲ್ ತಿರುಗಿಸಿದ. ಗೇಜಿನ ಮುಳ್ಳು ಸೋಮಾರಿಯಂತೆ ಅರ್ಧಕ್ಕೂ ಏರಲಿಲ್ಲ. ಉಳಿದ ಸಿಲಿಂಡರುಗಳದೂ ಅದೇ ಪಾಡು.

"ಪಿಸ್ಟನ್ ರಿಂಗ್ ಎಲ್ಲಾ ಸವ್ದೋಗವೆ. ತಣ್ಣಗಿದ್ರೆ ಕಂಪ್ರೆಷನ್ ನಿಲ್ಲಲ್ಲ, ಸೋರೋಯ್ತದೆ," ಎಂದ.

ಪ್ಲಗ್ಗುಗಳನ್ನು ಮತ್ತೆ ಹಾಕಿ ಒಬ್ಬನೇ ಸ್ಟಾರ್ಟ್ ಮಾಡಲು ನೋಡಿದ. ಸೆಲ್ಫ್ ಸ್ಟಾರ್ಟರ್ ಕೆಟ್ಟು ವರ್ಷಗಳಾಗಿದ್ದವು, ಹ್ಯಾಂಡಲ್ಲೇ ಗತಿ. ಇಂಜಿನ್ ಕೆಮ್ಮಿತು. ಅವನು ಸೀಟಿಗೆ ಓಡಿ ಆಕ್ಸಿಲರೇಟರ್ ತುಳಿಯುವಷ್ಟರಲ್ಲಿ ಸತ್ತುಹೋಯಿತು. ಮತ್ತೆ ತಿರುಗಿಸಿದ, ಮತ್ತೆ ಓಡಿದ, ಮತ್ತೆ ಸತ್ತಿತು. ಬೆವರು ಒರೆಸಿಕೊಂಡು, "ಆಗಾಕಿಲ್ಲ ಸಾರ್. ಒಬ್ರು ಒಳಗೆ ಕೂತು ತುಳೀತಿರ್ಬೇಕು, ಒಬ್ರು ಇಲ್ಲಿ ತಿರುಗಿಸ್ಬೇಕು," ಎಂದ.

ಗುರುಬಸಪ್ಪ ತಾವೇ ಸೀಟಿನಲ್ಲಿ ಕೂತು ತುಳಿದರು. ಬೋರಣ್ಣ ತಿರುಗಿಸಿದ. ಇಂಜಿನ್ ಸ್ಟಾರ್ಟ್ ಆಯಿತು. ಚೆನ್ನಾಗಿ ಕಾಯಲು ಬಿಟ್ಟು, ನಿಲ್ಲಿಸಿ ಮತ್ತೆ ಗೇಜ್ ಹಾಕಿದರೆ ಮುಳ್ಳು ಸರಕ್ಕನೆ ಮೇಲೇರಿತು. ಈಗ ಬೋರಣ್ಣ ಒಬ್ಬನೇ ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ ತೋರಿಸಿದ.

"ನೋಡಿದ್ರಾ?" ಬದರಿನಾಥರು ಬಾನೆಟ್ ಮೇಲೆ ಕೈ ಬಡಿದರು. "ತಣ್ಣಗಿರೋ ಕಾರನ್ನ ನನ್ನ ಮಗ ಒಬ್ಬನೇ ಸ್ಟಾರ್ಟ್ ಮಾಡಿರೋಕೆ ಸಾಧ್ಯವೇ ಇಲ್ಲ!"

ಗುರುಬಸಪ್ಪ ಇಂಜಿನ್ ಆರಿಸಿ ಕೆಳಗಿಳಿದರು. "ಇದನ್ನ ಹೆಂಗಸ್ರು ತಿರುಗಿಸಬಹುದೇನಯ್ಯಾ?"

"ಕಂಪ್ರೆಷನ್ ಇಲ್ದಿರೋ ಇಂಜಿನ್ ಅಲ್ವರಾ, ಕೈಗೆ ತಡಿಯಾದೇ ಇಲ್ಲ. ಬಾವಿ ಸೇದೋ ಕೈಗೆ ಇದ್ಯಾವ ಲೆಕ್ಕ? ಅಭ್ಯಾಸ ಇಲ್ದೋರ್ಗೆ ಮಾತ್ರ ಹ್ಯಾಂಡಲ್ ಒದ್ದು ಭುಜ ಉಳುಕ್ತದೆ."

ಎಲ್ಲರ ಕಣ್ಣೂ ಕಾತ್ಯಾಯಿನಿಯ ಮೇಲೆ ಬಿತ್ತು. ಅವಳು ಸೆರಗು ಬಿಗಿಯಾಗಿ ಹೊದ್ದು ಶೆಡ್ಡಿನ ಮೂಲೆಯಲ್ಲಿ ನಿಂತಿದ್ದಳು.

"ದಿನಾ ನಾನೇ ತಿರುಗಿಸ್ತಿದ್ದೆ," ಎಂದಳು. "ಅವತ್ತು ಮಾತ್ರ ಅವರು ನನ್ನ ಎಬ್ಬಿಸ್ಲಿಲ್ಲ."

"ಹಾಗಾದ್ರೆ ಅವತ್ತು ತಿರುಗಿಸಿದ್ದು ಯಾರಮ್ಮಾ?"

ಕಾತ್ಯಾಯಿನಿ ಅಡಿಗೆಮನೆ ಬಾಗಿಲ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

"ಕಟ್ಟಿತಲ್ಲ ಬಾಯಿ! ಕೊಲೆಗಾತಿ!" ಬದರಿನಾಥರು ಅರಚಿದರು. ಅರಚುತ್ತಿದ್ದಂತೆ ಅವರ ಎದೆಯ ಮೇಲಿನ ಬಂಡೆ ಸರಿದಂತಾಯಿತು. ಮಗ ತಮ್ಮ ಮಾತಿಗೆ ಸತ್ತಿಲ್ಲ. ಅಬ್ಬಾ, ತಮ್ಮ ಮಾತಿಗೆ ಸತ್ತಿಲ್ಲ! ಒಂದು ತಿಂಗಳ ಮೇಲೆ ಮೊದಲ ಸಲ ಅವರು ನಿರಾಳವಾಗಿ ಉಸಿರು ಬಿಟ್ಟರು.

"ನಡೀರಮ್ಮ, ಸ್ಟೇಷನ್‌ಗೆ ಬನ್ನಿ," ಎಂದರು ಗುರುಬಸಪ್ಪ. ಕಾತ್ಯಾಯಿನಿ ಅವರ ಹಿಂದೆ ಹೊರಟಳು.

ಅಡಿಗೆಮನೆಯ ಬಾಗಿಲು ತೆರೆಯಿತು. ಸೀತಾಲಕ್ಷ್ಮಿ ಹೊಸ್ತಿಲ ಮೇಲೆ ನಿಂತಿದ್ದರು.

"ಅವಳನ್ನ ಬಿಟ್ಬಿಡಿ," ಎಂದರು. "'ಅಮ್ಮಾ, ಸಾಹೇಬರ ಕಾಲು ಹಿಡಿದು ಕೆಲಸ ವಾಪಸ್ ಕೇಳ್ತೀನಿ, ಕಾತ್ಯಾಯಿನಿ ಮಲಗಿದಾಳೆ, ನೀನೇ ತಿರುಗಿಸು' ಅಂದ, ತಿರುಗಿಸಿದೆ, 'ಇಂಜಿನ್ ಸ್ವಲ್ಪ ಬಿಸಿಯಾಗ್ಲಿ, ಅಡಿಗೆಮನೆಗೆ ಹೊಗೆ ಬರತ್ತೆ, ಬಾಗಿಲು ಹಾಕ್ಕೊಳಮ್ಮ' ಅಂದ, ಹಾಕ್ಕೊಂಡೆ."