ಯೋಗಿಯ ಎಡೆಗೆ ಹಾಲುಬಾಯಿ

"ಎಡೆಗೆ ಯಾರಾದ್ರೂ ಮಂಡಕ್ಕಿ ಇಡ್ತಾರೇನೇ ಮಾರಾಯ್ತಿ?"

ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬಂದ ಹೇಮಶ್ರೀ, ಭದ್ರಾವತಿ ನ್ಯೂಟೌನಿನ ಆ ಮನೆಯ ಅಡುಗೆಮನೆಗೆ ಕಾಲಿಟ್ಟವಳೇ ಕೇಳಿದಳು. ತಮ್ಮ ಯೋಗರಾಜ ತೀರಿಕೊಂಡು ಅಂದಿಗೆ ವರ್ಷ. ಅವನ ಹೆಂಡತಿ ಕವನ ದೊಡ್ಡ ಬೇಸಿನ್ನಿನಲ್ಲಿ ಖಾರ ಮಂಡಕ್ಕಿ ಕಲಸುತ್ತಿದ್ದಳು. ಪಕ್ಕದ ಮನೆಯ ಜಯಶೀಲಾ ವಡೆ ಕರಿಯುತ್ತಿದ್ದಳು.

"ಅವರಿಗಿಷ್ಟ ಅಕ್ಕ. ಲೇತ್ ಶಾಪಿಂದ ಬಂದ ತಕ್ಷಣ ಇದೇ ಬೇಕಿತ್ತು."

"ಅದು ಹಸಿವಿಗೆ ತಿನ್ನೋದು. ಇಷ್ಟ ಅನ್ನೋದು ಬೇರೆ." ಹೇಮಶ್ರೀ ಸೆರಗು ಸಿಕ್ಕಿಸಿ, ತಂದಿದ್ದ ಡಬ್ಬಿಗಳನ್ನು ತೆರೆದಳು. ನೆನೆಸಿದ ಅಕ್ಕಿ, ಕಾಯಿತುರಿ, ಬೆಲ್ಲ. "ಯೋಗಿಗೆ ಹಾಲುಬಾಯಿ ಅಂದ್ರೆ ಪ್ರಾಣ. ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಬಾಯಿರುಚಿ ತಿಳ್ಕೊಳ್ಳಲಿಲ್ಲ ಅಂದ್ರೆ ಏನು ಹೇಳೋದು? ನೀವೇ ನೋಡಿ ಜಯಶೀಲಾ."

ಜಯಶೀಲಾ ಎಣ್ಣೆಯಿಂದ ಕಣ್ಣೆತ್ತಲಿಲ್ಲ. ಕವನ ಬೇಸಿನ್ನನ್ನು ಮೂಲೆಗೆ ಸರಿಸಿ ಒಲೆ ಬಿಟ್ಟುಕೊಟ್ಟಳು.

ಅಕ್ಕಿ, ಕಾಯಿ ರುಬ್ಬಿ ಹಾಲು ಸೋಸಿ, ಕರಗಿದ ಬೆಲ್ಲಕ್ಕೆ ಹೊಯ್ದು ಹೇಮಶ್ರೀ ಕೈಯಾಡಿಸತೊಡಗಿದಳು. ಚಿಕ್ಕಂದಿನಲ್ಲಿ ಅಮ್ಮ ಹೀಗೆ ಕೈಯಾಡಿಸುವಾಗ ಯೋಗಿ ಒಲೆಯ ಪಕ್ಕ ಕೂತು ಆಯ್ತಾ, ಆಯ್ತಾ ಎಂದು ಪೀಡಿಸುತ್ತಿದ್ದ. ಮಗಳು ಕೇಳಿದರೆ "ಗಂಡನ ಮನೇಲಿ ಮಾಡ್ಕೊಂಡು ತಿನ್ನು" ಎನ್ನುತ್ತಿದ್ದ ಅಮ್ಮ, ಮಗ ಕೇಳಿದರೆ ಮರುದಿನವೇ ಕಾಯಿ ಒಡೆಯುತ್ತಿದ್ದಳು. ಬಾಣಲೆಯ ತಳ ಕೆರೆದದ್ದೂ ಅವನಿಗೇ. ಅವನು ತಟ್ಟೆ ಹಿಡಿದು ಹಿತ್ತಲಿಗೆ ಬಂದು, ಒಂದು ತುಂಡಿನ ಮೂಲೆ ಕಚ್ಚಿ, "ಸಾಕಾಯ್ತು, ನೀನೇ ತಿನ್ನೇ" ಎಂದು ಅವಳ ಮುಂದೆ ದೂಡುತ್ತಿದ್ದ. ತಮ್ಮನ ಎಂಜಲು ತಿನ್ನಬೇಕಾಯಿತಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ಅಳುತ್ತಲೇ ಬೆರಳು ನೆಕ್ಕಿ ತಿನ್ನುತ್ತಿದ್ದಳು. ಆ ಸಿಟ್ಟು ಮದುವೆಯಾಗಿ ಶಿವಮೊಗ್ಗದ ವಿದ್ಯಾನಗರದ ಮನೆ ಸೇರಿದ ಮೇಲೂ ಆರಲಿಲ್ಲ. ಅಮ್ಮ ಎಲ್ಲ ಅವನಿಗೇ ಉಣಿಸಿದಳು, ಅವನೇ ನೋಡಿಕೊಳ್ಳಲಿ ಎಂದು ಅವಳನ್ನು ಒಂದು ದಿನವೂ ತನ್ನಲ್ಲಿಗೆ ಕರೆದಿರಲಿಲ್ಲ.

ಜಯಶೀಲಾ ಬಾಳೆಲೆ ತರಲು ಹೊರಗೆ ಹೋದಳು.

"ಯೋಗಿ ಆಸ್ಪತ್ರೇಲಿದ್ದಾಗ್ಲೂ ಮಾಡ್ಕೊಂಡು ಹೋಗಿದ್ದೆ," ಎಂದಳು ಹೇಮಶ್ರೀ. "ಎಷ್ಟು ಖುಷಿಯಾಗಿ ತಿಂದ. ನೀನೂ ಅಲ್ಲೇ ಇದ್ಯಲ್ಲ."

ಕವನ ಬಗ್ಗಿ ಖಾಲಿ ಡಬ್ಬಿಗಳನ್ನು ಜೋಡಿಸತೊಡಗಿದಳು.

"ಏನೇ? ತಿನ್ಲಿಲ್ವಾ?"

"ತಿಂದ್ರು. ನೀವು ಹೋದ್ಮೇಲೆ ವಾಂತಿ ಮಾಡ್ಕೊಂಡ್ರು."

"ಕಾಯಿಲೆ ಮೈ. ಮತ್ತೇನಾಗ್ತದೆ?"

"ಕಾಯಿಲೆಗಲ್ಲ ಅಕ್ಕ." ಕವನ ನಡುಮನೆಯ ಕಡೆ ನೋಡಿದಳು. ಅತ್ತೆ ದ್ಯಾಮಮ್ಮ ಮಗನ ಫೋಟೋದ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಕವನ ದನಿ ತಗ್ಗಿಸಿದಳು. "ಅವರಿಗೆ ಈ ಕಾಯಿ ಬೆಲ್ಲ ಕುದಿಯೋ ವಾಸನೆನೇ ಆಗ್ತಿರ್ಲಿಲ್ಲ. ಮದುವೆಯಾದ ಹೊಸದ್ರಲ್ಲಿ ಅತ್ತೆ ಹೇಳಿದ್ರು ಅಂತ ನಾನೂ ಮಾಡಿದ್ದೆ. ಬಾಯಿಗಿಟ್ಟು ಎದ್ದು ಹೋದ್ರು. ಆಮೇಲೆ ನಕ್ಕೊಂಡು ಹೇಳಿದ್ರು, ಇದು ಇಷ್ಟ ಇದ್ದಿದ್ದು ಅಕ್ಕಂಗೆ, ಅವಳು ಕೇಳಿದ್ರೆ ಅಮ್ಮ ಬೈಯೋಳು, ಅದ್ಕೇ ನಾನು ಹಟ ಮಾಡ್ತಿದ್ದೆ ಅಂತ. ಅಮ್ಮಂಗೆ ಹೇಳ್ಬೇಡ, ನೊಂದ್ಕೊಳ್ತಾಳೆ ಅಂದ್ರು. ನಿಮಗೂ ಹೇಳ್ಬಾರ್ದಿತ್ತು ನಾನು."

ಹೇಮಶ್ರೀಯ ಕೈ ನಿಂತಿತು. ಬಾಣಲೆಯ ಅಂಚಿನಲ್ಲಿ ಹಿಟ್ಟು ಗುಳ್ಳೆ ಎದ್ದು ಒಡೆಯಿತು.

"ತಳ ಹಿಡೀತದೆ ಅಕ್ಕ," ಎನ್ನುತ್ತ ಕವನ ಅವಳ ಕೈಯಿಂದ ಸೌಟು ತೆಗೆದುಕೊಂಡು ತಾನೇ ಕೈಯಾಡಿಸಿದಳು. ಇಷ್ಟೆಲ್ಲ ಗೊತ್ತಿದ್ದೂ ಈ ಹುಡುಗಿ ನೆರೆಯವಳ ಎದುರು ಬೈಸಿಕೊಂಡು ಸುಮ್ಮನೆ ನಿಂತಿದ್ದಳು. ಹೇಮಶ್ರೀ ಒಲೆ ಆರಿಸಿ ಬಾಣಲೆಯ ಮೇಲೆ ತಟ್ಟೆ ಮುಚ್ಚಿದಳು.

ಜಯಶೀಲಾ ಎಲೆ ತಂದಳು. ಹೇಮಶ್ರೀ ಅದನ್ನು ತೊಳೆದು, ತಲೆ ತಗ್ಗಿಸಿಯೇ ಹೇಳಿದಳು: "ಜಯಶೀಲಾ, ಆಗ ನಾನಂದಿದ್ದು ತಪ್ಪು. ಕವನಂಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ನಂಗೆ."

ಫೋಟೋದ ಮುಂದೆ ಎಲೆ ಹಾಸಿ ಮೊದಲು ಮಂಡಕ್ಕಿ ಬಡಿಸಿದಳು. ದ್ಯಾಮಮ್ಮ ಬಗ್ಗಿ ನೋಡಿದಳು.

"ಹಾಲುಬಾಯಿ ಎಲ್ಲೇ?"

"ಸೀದು ಹೋಯ್ತಮ್ಮ."

"ಸೀದು ಹೋಯ್ತಾ? ಸತ್ತ ತಮ್ಮಂಗೋಸ್ಕರ ಒಂದಿನ ನೆಟ್ಟಗೆ ಕೈಯಾಡ್ಸೋಕಾಗ್ಲಿಲ್ವೇನೇ ನಿಂಗೆ?"

"ಇಲ್ಲಮ್ಮ. ಆಗ್ಲಿಲ್ಲ."

ದ್ಯಾಮಮ್ಮ ಮುಖ ತಿರುಗಿಸಿದಳು. ಕವನ ಏನೋ ಹೇಳಲು ಬಾಯಿ ತೆರೆದವಳು, ಹೇಮಶ್ರೀ ಬೇಡವೆಂದು ತಲೆಯಾಡಿಸಿದ್ದು ಕಂಡು ಸುಮ್ಮನಾದಳು.

ಊಟ ಮುಗಿದು, ಜಯಶೀಲಾ ಮನೆಗೆ ಹೋಗಿ, ದ್ಯಾಮಮ್ಮ ಮಲಗಿದ ಮೇಲೆ ಇಬ್ಬರೂ ಪಾತ್ರೆ ತೊಳೆಯಲು ಕೂತರು.

"ಕವನಾ," ಎಂದಳು ಹೇಮಶ್ರೀ. "ಯೋಗಿಗೆ ಇನ್ನೇನೇನು ಇಷ್ಟ ಇತ್ತು?"

ಕವನ ಅವಳ ಮುಖ ನೋಡಿದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಮೊದಲಿನಿಂದ ಹೇಳತೊಡಗಿದಳು, ಯೋಗರಾಜನನ್ನು ಕಂಡೇ ಇರದವರಿಗೆ ಹೇಳುವ ಹಾಗೆ.