ಹಡಗು ಕಾಯುವುದಿಲ್ಲ

ಪೋರ್ಚುಗಲ್ಲಿನ ಕಲಾಲೋಕಕ್ಕೆ ಆ ಮಧ್ಯಾಹ್ನ ಮಹಾ ವಿಪತ್ತೊಂದು ಬಂದೆರಗಿತು. ಮುದಿ ನಟ ಎರ್ಮೀನಿಯು ತನ್ನ ಮಾತಿನ ಸಾಲನ್ನು ಮತ್ತೆ ಮರೆತ.

ಉದ್ದದ ಸಾಲೇನಲ್ಲ. ಪೆಟ್ಟಿಗೆ ಹಿಡಿದು, ಬಾಗಿಲಲ್ಲಿ ನಿಂತು, "ಹಡಗು ಕಾಯೋದಿಲ್ಲ, ಏನಾದರೂ ಹೇಳು" ಎನ್ನಬೇಕು. ಆಗ ದಿಯೊಲಿಂಡಾ ನಾಟಕದ ಹೆಸರಾಂತ ಕೊನೆಯ ಮಾತನ್ನು ಆಡಬೇಕು. ಪೋರ್ತು ನಗರದ ರಂಗಮಂದಿರದಲ್ಲಿ ಈ ಗಂಡಹೆಂಡಿರು ಹರೆಯದಿಂದ ಆಡಿಕೊಂಡು ಬಂದ ದೃಶ್ಯ. ಈಗ ಅದೇ ನಾಟಕ ಸಿನಿಮಾ ಆಗುತ್ತಿತ್ತು.

"ಹಡಗು ಬ್ರೆಜಿಲ್ ಮುಟ್ಟಿ ವಾಪಸ್ಸೂ ಬಂತು, ಯಜಮಾನರು ಇನ್ನೂ ಬಾಗಿಲಲ್ಲೇ ಇದಾರೆ," ಎಂದ ದೀಪದವನು. ಎಲ್ಲರೂ ನಕ್ಕರು. ಎರ್ಮೀನಿಯು ಎಲ್ಲರಿಗಿಂತ ಜೋರಾಗಿ ನಕ್ಕ.

ದಿಯೊಲಿಂಡಾಳಿಗೆ ಮೈ ಉರಿಯಿತು. ತನ್ನ ಸರದಿಯೇ ಬರುತ್ತಿಲ್ಲವಲ್ಲ! ಉಳಿದ ದೃಶ್ಯಗಳೆಲ್ಲ ತುಣುಕು ತುಣುಕಾಗಿ, ಒಂದೊಂದೇ ಮಾತಾಗಿ ಸಲೀಸಾಗಿ ಮುಗಿದಿದ್ದವು. ಇದೊಂದನ್ನು ಮಾತ್ರ ತಡೆಯಿಲ್ಲದೆ ತೆಗೆಯಬೇಕೆಂದು ನಿರ್ದೇಶಕಿ ಬೆನೆದೀತಾಳ ಹಟ.

ಸಿಟ್ಟಿನ ಹಿಂದೆಯೇ ಮರುಕ. ಪಾಪ, ಮುದುಕನಿಗೆ ಏನೋ ಆಗಿದೆ. ಒಲೆ ಆರಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾನೆ. ಅವಳು ಬ್ರೆಡ್ ತರಲು ಹೊರಟರೆ ಮಗುವಿನಂತೆ ಬೆನ್ನು ಹತ್ತುತ್ತಾನೆ. ಬೆಳಗಿನ ಕಾಫಿ ಮುಂದಿಟ್ಟುಕೊಂಡು ಅವಳಿಂದ ಇಡೀ ನಾಟಕ ಹೇಳಿಸುತ್ತಾನೆ, ಅದೂ ತನ್ನದಲ್ಲ, ಅವಳ ಪಾತ್ರದ್ದನ್ನು!

ಬೆನೆದೀತಾ ಅವಳನ್ನು ಪಕ್ಕಕ್ಕೆ ಕರೆದಳು. "ದೋನಾ ದಿಯೊಲಿಂಡಾ, ಬೇಜಾರು ಮಾಡ್ಕೋಬೇಡಿ. ಕ್ಯಾಮೆರಾ ಇರೋದು ನಿಮ್ಮ ಮುಖದ ಮೇಲೆ. ಬಾಗಿಲಲ್ಲಿ ಯಾರು ನಿಂತ್ರೂ ಹೆಗಲಷ್ಟೇ ಕಾಣೋದು. ವಾಲ್ದೆಮಾರ್ ನಿಂತ್ಕೋತಾರೆ. ಇವತ್ತು ಆಗದಿದ್ರೆ ಈ ಸಿನಿಮಾನೇ ಇಲ್ಲ."

ವಾಲ್ದೆಮಾರ್ ಚಿತ್ರದಲ್ಲಿ ತಮ್ಮನ ಪಾತ್ರದವನು. ದಿಯೊಲಿಂಡಾ ಬಾಗಿಲಲ್ಲಿ ನಿಂತ ಗಂಡನತ್ತ ತಿರುಗಿದಳು. ಬದುಕಿನಲ್ಲಿ ತನ್ನದೆಂದು ಉಳಿಯುವುದು ಇದೊಂದೇ ಚಿತ್ರ. ಆದರೆ ಆ ಬಾಗಿಲಲ್ಲಿ ಗಂಡನಲ್ಲದೆ ಇನ್ನೊಬ್ಬ ನಿಂತದ್ದೇ ಇಲ್ಲ.

"ನಾನೇ ಹೇಳ್ತೀನಿ ಅವನಿಗೆ," ಎಂದಳು.

ಎರ್ಮೀನಿಯು ಅವಳ ಕೈ ಹಿಡಿದುಕೊಂಡ. "ಬೇಡ, ಲಿಂಡಾ. ಇನ್ನೊಂದು ಸಲ ನಾನೇ ನಿಲ್ತೀನಿ."

"ಇನ್ನೊಂದು ಸಲಾನೂ ಮರೀತೀಯ."

"ಮರೀತೀನಿ. ಆದ್ರೂ ನನ್ನನ್ನೇ ಇಟ್ಕೋ."

"ನಾಚಿಕೆ ಆಗಲ್ವೇನೋ ನಿನಗೆ?"

"ನನಗೆ ಆದ್ರೆ ಪರವಾಗಿಲ್ಲ ಕಣೆ."

ಅವಳು ಕೈ ಬಿಡಿಸಿಕೊಂಡಳು. ಅವನು ದೀಪಗಳಾಚೆಯ ಕತ್ತಲಿಗೆ ಸರಿದು ಮೊಳೆ ಹೊಡೆದಂತೆ ನಿಂತ.

ಕ್ಯಾಮೆರಾ ಓಡಿತು. ವಾಲ್ದೆಮಾರ್ ಪೆಟ್ಟಿಗೆ ಎತ್ತಿ ಬಾಗಿಲಲ್ಲಿ ನಿಂತ. "ಹಡಗು ಕಾಯೋದಿಲ್ಲ, ಏನಾದರೂ ಹೇಳು."

ದಿಯೊಲಿಂಡಾ ತಲೆಯೆತ್ತಿದಳು. ತುಟಿ ತೆರೆದಳು. ಸುಮ್ಮನಾದಳು.

"ಎಂಥಾ ಮೌನ!" ಬೆನೆದೀತಾ ಪಿಸುಗುಟ್ಟಿದಳು. "ಇದಕ್ಕೇ ನಾನು ಕಾದದ್ದು."

ಮೌನ ಬೆಳೆಯಿತು. ಬೆನೆದೀತಾಳ ಮುಖದ ಸಂತೋಷ ಮೆಲ್ಲಗೆ ಇಳಿಯಿತು. ದೀಪದವನೂ ನಗಲಿಲ್ಲ.

ಆಗ ಕತ್ತಲಿನಿಂದ, ಎರ್ಮೀನಿಯುವಿನ ದನಿಯಲ್ಲಿ, ಅವಳ ಆ ಕೊನೆಯ ಮಾತು ಬಂತು, ಒಂದಕ್ಷರವೂ ತಪ್ಪದೆ: "ಹೋಗು. ನಿನ್ನ ಅಂಗಿಯ ಗುಂಡಿಗಳನ್ನೆಲ್ಲ ಗಟ್ಟಿಯಾಗಿ ಹೊಲಿದಿದ್ದೇನೆ. ಅವು ಉದುರುವಾಗಲಾದರೂ ನನ್ನನ್ನು ನೆನೆಸಿಕೋ."

ದಿಯೊಲಿಂಡಾ ಕಣ್ಣರಳಿಸಿ ಅತ್ತ ತಿರುಗಿದಳು. "ಎಷ್ಟು ಚೆನ್ನಾಗಿದೆ!" ಎಂದಳು. "ಯಾರ ಮಾತದು?"

ಚಿತ್ರ ಅಲ್ಲಿಗೇ ನಿಂತಿತು.